ಅಪ್ಪ ಅಮ್ಮನನ್ನು ಕ್ಯಾನ್ಸರ್‌ನಿಂದ ಕಳೆದುಕೊಂಡವರು ಓಟದ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಕಬ್ಬನ್ ಪಾರ್ಕಿನಲ್ಲಿ ಭಾನುವಾರ ಜೊತೆಗೆ ಓಡುವವರು, ಓಟ ಮುಗಿಸಿ ಕಾಫಿ ಕುಡಿಯುತ್ತಾ ಮಾತಿಗಿಳಿಯುವವರು, ಬೇರೆ ಊರುಗಳಿಂದ ಪತ್ರ ಬರೆಯುವವರು ಕೇಳಿದ ಪ್ರಶ್ನೆಗಳಿವು. ಅವರ ಮಾತನ್ನು ಆದಷ್ಟು ಹಾಗೇ ಇಟ್ಟಿದ್ದೇನೆ. ನನ್ನ ಅಮ್ಮ ಅಂಡಾಶಯದ ಕ್ಯಾನ್ಸರ್‌ನಿಂದ ತೀರಿಕೊಂಡರು. ನಾನು ಓಡಲು ಶುರು ಮಾಡಿದ್ದು ಅದಾದ ಮೇಲೆ. ನಾನು ಡಾಕ್ಟರ್ ಅಲ್ಲ. ಡಾಕ್ಟರ್ ಹತ್ತಿರ ಹೋಗಬೇಕಾದ ಕಡೆ ಹೋಗಿ ಅಂತಲೇ ಬರೆದಿದ್ದೇನೆ.

## ಮೊದಲ ದಿನಗಳು

"ಅಪ್ಪ ಹೋಗಿ ಇನ್ನೂ ತಿಂಗಳಾಗಿಲ್ಲ. ಈಗಲೇ ಶೂ ಹಾಕ್ಕೊಂಡು ಓಡೋಕೆ ಹೋದ್ರೆ ಜನ ಏನಂತಾರೆ?"

ಏನಾದರೂ ಅಂದೇ ಅಂತಾರೆ. ಮನೆಯಲ್ಲೇ ಕೂತರೂ "ಹೀಗೆ ಕೂತ್ರೆ ಹೇಗಪ್ಪಾ" ಅಂತಾರೆ. ಸೂತಕ, ಹನ್ನೊಂದನೇ ದಿನ, ಹದಿಮೂರನೇ ದಿನ ಇವನ್ನೆಲ್ಲ ನಿಮ್ಮ ಮನೆಯ ಪದ್ಧತಿಯಂತೆ ಮುಗಿಸಿ. ಆ ದಿನಗಳಲ್ಲಿ ಮನೆ ತುಂಬ ಜನ ಇರುತ್ತಾರೆ. ಬಂದವರಿಗೆಲ್ಲ "ಯಾವಾಗ ಗೊತ್ತಾಯ್ತು, ಯಾವ ಸ್ಟೇಜು" ಅಂತ ಅದೇ ಕಥೆ ಹೇಳಬೇಕು. ಓಡಲು ಪುರುಸೊತ್ತೂ ಇರುವುದಿಲ್ಲ. ನಿಜವಾದ ಕಷ್ಟ ನೆಂಟರೆಲ್ಲ ಬ್ಯಾಗು ಹಿಡಿದು ಹೊರಟ ಮರುದಿನದಿಂದ ಶುರುವಾಗುತ್ತದೆ. ಓಟ ಬೇಕಾಗುವುದು ಆಗಲೇ.

ಮನೆಯ ಹಿರಿಯರಿಗೆ ಒಂದು ಮಾತು ಹೇಳಿ ಹೋಗಿ. "ರಾತ್ರಿ ನಿದ್ದೆ ಬರ್ತಿಲ್ಲ ದೊಡ್ಡಪ್ಪ, ಬೆಳಿಗ್ಗೆ ಸ್ವಲ್ಪ ನಡೆದು ಬರ್ತೀನಿ" ಅಂದರೆ ಯಾರೂ ಬೇಡ ಅನ್ನುವುದಿಲ್ಲ. ಓಡುತ್ತೇನೆ ಅಂದರೆ ಹುಬ್ಬೇರಿಸುವವರು ನಡೆಯುತ್ತೇನೆ ಅಂದರೆ ಸುಮ್ಮನಾಗುತ್ತಾರೆ. ಹೆಣ್ಣುಮಕ್ಕಳಿಗೆ, ಅದರಲ್ಲೂ ಅತ್ತೆ ಮನೆಯಲ್ಲಿರುವವರಿಗೆ, ಈ ಮಾತು ಜಾಸ್ತಿ ಬರುತ್ತದೆ. ನಿಮ್ಮ ಬೀದಿಯವರ ಕಣ್ಣು ತಡೆಯಲಾಗದಿದ್ದರೆ ಪಕ್ಕದ ಬಡಾವಣೆಯ ಪಾರ್ಕಿಗೆ ಹೋಗಿ. ಅಲ್ಲಿ ನಿಮ್ಮ ಸುದ್ದಿ ಯಾರಿಗೂ ಗೊತ್ತಿರುವುದಿಲ್ಲ. ಕೆಲವು ದಿನ ಅದೇ ಒಂದು ಆರಾಮ.

"ಹಾಸಿಗೆಯಿಂದ ಏಳೋಕೇ ಆಗಲ್ಲ, ಓಡೋದು ಎಲ್ಲಿಂದ ಬಂತು?"

ಕ್ಯಾನ್ಸರ್ ರೋಗಿಯನ್ನು ನೋಡಿಕೊಂಡವರ ಮೈಗೆ ಒಂದು ಗಡಿಯಾರ ಅಂಟಿಕೊಂಡಿರುತ್ತದೆ. ನೋವಿಗೆ ಮಾರ್ಫಿನ್ ಮಾತ್ರೆ ನಾಲ್ಕು ಗಂಟೆಗೊಮ್ಮೆ. ನಮ್ಮ ಮನೆಯಲ್ಲಿ ಬೆಳಿಗ್ಗೆ 6, 10, ಮಧ್ಯಾಹ್ನ 2, ಸಂಜೆ 6, ರಾತ್ರಿ 10. ನನ್ನ ಫೋನಿನಲ್ಲಿ ಐದು ಅಲಾರಂ ಇದ್ದವು, ಎಲ್ಲದಕ್ಕೂ "ಅಮ್ಮ ಮಾತ್ರೆ" ಅಂತ ಹೆಸರು. ಅಮ್ಮ ಹೋದ ಮೇಲೂ ಅವು ಹೊಡೆದುಕೊಳ್ಳುತ್ತಲೇ ಇದ್ದವು. ನಾಲ್ಕನ್ನು ಅಳಿಸಿದೆ. 6 ಗಂಟೆಯದನ್ನು ಅಳಿಸಲು ಕೈ ಬರಲಿಲ್ಲ. ಹೇಗೂ ಎಚ್ಚರ ಆಗುತ್ತಿತ್ತು, ಎದ್ದರೆ ಕೊಡಲು ಮಾತ್ರೆ ಇಲ್ಲ. ಆ ಹೊತ್ತಿಗೆ ಶೂ ಹಾಕಿಕೊಂಡು ಹೊರಗೆ ಹೋಗುವುದನ್ನು ರೂಢಿ ಮಾಡಿಕೊಂಡೆ.

ನಿಮಗೂ ಇಂಥ ಒಂದು ಹೊತ್ತು ಇದ್ದೇ ಇರುತ್ತದೆ. ಗಂಜಿ ಕಾಯಿಸುತ್ತಿದ್ದ ಹೊತ್ತು, ಡ್ರೆಸ್ಸಿಂಗ್ ಬದಲಾಯಿಸುತ್ತಿದ್ದ ಹೊತ್ತು, ಆಸ್ಪತ್ರೆಯ ಟೋಕನ್‌ಗೆ ಹೊರಡುತ್ತಿದ್ದ ಹೊತ್ತು. ಹೊಸ ಸಮಯ ಹುಡುಕಬೇಡಿ. ಮೈ ತಾನಾಗಿ ಏಳುವ ಆ ಹೊತ್ತನ್ನೇ ಬಳಸಿಕೊಳ್ಳಿ. ಮೊದಲ ವಾರ ಗೇಟಿನವರೆಗೆ ಹೋಗಿ ವಾಪಸ್ ಬಂದರೂ ಸಾಕು.

"ಹುಟ್ಟಿದಾಗಿಂದ ಓಡಿದವಳಲ್ಲ ನಾನು, ಈಗ 54 ವರ್ಷ. ಎಲ್ಲಿಂದ ಶುರು ಮಾಡ್ಲಿ?"

ನಡಿಗೆಯಿಂದ. ಎರಡು ಮೂರು ವಾರ ಬರೀ ನಡೆಯಿರಿ, ದಿನಕ್ಕೆ ಅರ್ಧ ಗಂಟೆ. ಆಮೇಲೆ ಒಂದು ನಿಮಿಷ ಮೆಲ್ಲಗೆ ಓಟ, ಎರಡು ನಿಮಿಷ ನಡಿಗೆ. ಹೀಗೆ ಎಂಟು ಸಲ. ವಾರಕ್ಕೆ ಮೂರು ದಿನ ಸಾಕು, ನಡುವೆ ಒಂದು ದಿನ ಬಿಡುವು ಇರಲಿ. ಓಡುವಾಗ ಪೂರ್ತಿ ಒಂದು ವಾಕ್ಯ ಮಾತಾಡಲು ಆಗಬೇಕು. ಮಾತು ತುಂಡಾದರೆ ವೇಗ ಜಾಸ್ತಿಯಾಯ್ತು ಅಂತ ಅರ್ಥ. ದುಬಾರಿ ಶೂ ಬೇಕಿಲ್ಲ. ಕಾಲಿಗೆ ಸರಿಯಾಗಿ ಕೂರುವ, ಹೆಬ್ಬೆರಳಿನ ಮುಂದೆ ಸ್ವಲ್ಪ ಜಾಗ ಇರುವ ಓಟದ ಶೂ ಸಾಕು.

ವಯಸ್ಸಿನ ಬಗ್ಗೆ ಕೇಳಿದ್ದೀರಿ. ಪಂಜಾಬಿನ ಫೌಜಾ ಸಿಂಗ್ ಹೆಂಡತಿಯನ್ನೂ ಮಗನನ್ನೂ ಕಳೆದುಕೊಂಡ ಮೇಲೆ, 80 ದಾಟಿದ ವಯಸ್ಸಿನಲ್ಲಿ ಓಟಕ್ಕೆ ಇಳಿದವರು. 2000ದಲ್ಲಿ ಲಂಡನ್ ಮ್ಯಾರಥಾನ್ ಓಡಿದಾಗ ಅವರಿಗೆ 89 ವರ್ಷ. ಅಷ್ಟು ದೂರ ನೀವು ಓಡಬೇಕಿಲ್ಲ. 54 ತಡ ಅಂತೂ ಅಲ್ಲ.

"ಎದೆ ಹಿಡಿದ ಹಾಗೆ ಆಗುತ್ತೆ. ಇದು ದುಃಖಕ್ಕಾ, ಹಾರ್ಟಿಗಾ?"

ಇದನ್ನು ಊಹೆ ಮಾಡುತ್ತಾ ಕೂರಬೇಡಿ, ತೋರಿಸಿ. ದುಃಖದಲ್ಲಿ ಎದೆ ಬಿಗಿಯುವುದು, ದೊಡ್ಡ ಉಸಿರು ಬೇಕು ಅನ್ನಿಸುವುದು ಸಾಮಾನ್ಯ. ಆದರೆ ತೀವ್ರ ಆಘಾತದಿಂದ ಹೃದಯದ ಸ್ನಾಯು ಕೆಲವು ದಿನ ದುರ್ಬಲವಾಗುವ ಸ್ಥಿತಿಯೂ ಇದೆ. ಟಾಕೊತ್ಸುಬೊ ಅನ್ನುತ್ತಾರೆ. 1990ರ ಸುಮಾರಿಗೆ ಜಪಾನಿನ ವೈದ್ಯರು ಮೊದಲು ಗುರುತಿಸಿದರು. ಮುಟ್ಟು ನಿಂತ ಹೆಂಗಸರಲ್ಲಿ ಜಾಸ್ತಿ. ಲಕ್ಷಣಗಳು ಹೃದಯಾಘಾತದ ಹಾಗೇ ಇರುತ್ತವೆ.

ಎದೆ ನೋವು, ಕೈಗೆ ಅಥವಾ ದವಡೆಗೆ ಹರಡುವ ನೋವು, ತಲೆ ಸುತ್ತಿ ಬೀಳುವುದು ಇದ್ದರೆ ತಕ್ಷಣ ಆಸ್ಪತ್ರೆಗೆ ಹೋಗಿ. ಏನೂ ಇಲ್ಲದಿದ್ದರೂ 40 ದಾಟಿದವರು, ಬಿಪಿ ಸಕ್ಕರೆ ಇರುವವರು ಓಟ ಶುರು ಮಾಡುವ ಮೊದಲು ಒಮ್ಮೆ ತಪಾಸಣೆ ಮಾಡಿಸಿ. ಜೊತೆಗೆ ಹಿಮೋಗ್ಲೋಬಿನ್ ನೋಡಿಸಿ. ರೋಗಿಯನ್ನು ನೋಡಿಕೊಳ್ಳುವಾಗ ತಿಂಗಳುಗಟ್ಟಲೆ ನಿಂತೇ ಊಟ ಮಾಡಿದ ಹೆಂಗಸರಲ್ಲಿ ರಕ್ತ ಕಡಿಮೆ ಇರುವುದನ್ನು ಜಾಸ್ತಿ ಕಂಡಿದ್ದೇನೆ.

"ಓಡಿದ್ರೆ ದುಃಖ ಕಡಿಮೆ ಆಗುತ್ತಾ? ನೇರವಾಗಿ ಹೇಳಿ."

ಆಗುವುದಿಲ್ಲ. ಅಮ್ಮ ಇಲ್ಲ ಅನ್ನುವುದು ಓಟಕ್ಕೆ ಮುಂಚೆ ಎಷ್ಟಿತ್ತೋ ಆಮೇಲೂ ಅಷ್ಟೇ ಇರುತ್ತದೆ.

ಕಡಿಮೆ ಆಗುವುದು ದುಃಖದ ಸುತ್ತ ಬೆಳೆದುಕೊಂಡಿದ್ದು. ರಾತ್ರಿ ಬರದ ನಿದ್ದೆ, ಸೇರದ ಊಟ, ಕಲ್ಲಾಗಿ ನಿಂತ ಭುಜ, ಕಾರಣ ಇಲ್ಲದೆ ಮಕ್ಕಳ ಮೇಲೆ ರೇಗುವುದು. ಇವು ಓಟದಿಂದ ಸುಧಾರಿಸುತ್ತವೆ. 2024ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್ ಇನ್ನೂರಕ್ಕೂ ಹೆಚ್ಚು ಪ್ರಯೋಗಗಳನ್ನು ಒಟ್ಟಿಗೆ ಇಟ್ಟು ನೋಡಿದ ಒಂದು ಅಧ್ಯಯನ ಪ್ರಕಟಿಸಿತು. ಖಿನ್ನತೆ ಇರುವವರಿಗೆ ನಡಿಗೆ, ಮೆಲ್ಲಗಿನ ಓಟ, ಯೋಗ ಇವುಗಳಿಂದ ಒಳ್ಳೆಯ ಉಪಯೋಗ ಇದೆ ಅಂತ ಅದು ಹೇಳಿತು. ದುಃಖವೇ ಖಿನ್ನತೆ ಅಲ್ಲ, ನಿಜ. ಆದರೆ ಎರಡೂ ನಿದ್ದೆ ಊಟಗಳನ್ನು ಕೆಡಿಸುತ್ತವೆ. ಅಲ್ಲಿ ಓಟ ಕೈ ಹಿಡಿಯುತ್ತದೆ.

ಇನ್ನೊಂದು ವಿಷಯ ನನಗೆ ಇದಕ್ಕಿಂತ ಮುಖ್ಯ. ದಿನವಿಡೀ ಆಫೀಸು, ಅಡುಗೆ, ಬ್ಯಾಂಕು, ಮರಣ ಪ್ರಮಾಣಪತ್ರ ಅಂತ ಓಡಾಡುವಾಗ ಅಳಲು ಜಾಗವೇ ಇರುವುದಿಲ್ಲ. ಓಟ ಆ ಜಾಗ ಕೊಡುತ್ತದೆ. ದುಃಖವನ್ನು ಮರೆಯಲು ಓಡಿದವರು ಬೇಗ ಬಿಟ್ಟರು. ದುಃಖದ ಜೊತೆ ಇರಲು ಓಡಿದವರು ಇನ್ನೂ ಓಡುತ್ತಿದ್ದಾರೆ.

## ಓಡುವಾಗ ಆಗುವುದು

"ಓಡ್ತಾ ಓಡ್ತಾನೇ ಅಳು ಬಂದುಬಿಡುತ್ತೆ. ಏನ್ ಮಾಡ್ಲಿ?"

ಅಳಿ. ಓಟ ನಿಲ್ಲಿಸಿ ಅಳಿ. ಅಳುವಾಗ ಗಂಟಲು ಬಿಗಿಯುತ್ತದೆ, ಉಸಿರು ತುಂಡು ತುಂಡಾಗುತ್ತದೆ. ಹಾಗೇ ಓಡಿದರೆ ಉಬ್ಬಸದವರ ಹಾಗೆ ಎಳೆದುಕೊಳ್ಳಬೇಕಾಗುತ್ತದೆ, ಹೆದರಿಕೆಯೂ ಆಗುತ್ತದೆ. ಪಕ್ಕಕ್ಕೆ ಹೋಗಿ ಮರಕ್ಕೋ ಕಾಂಪೌಂಡಿಗೋ ಕೈ ಕೊಟ್ಟು ನಿಲ್ಲಿ. ಬಾಯಿಂದ ಉದ್ದಕ್ಕೆ ಉಸಿರು ಬಿಡಿ. ಎರಡು ಮೂರು ನಿಮಿಷದಲ್ಲಿ ಇಳಿಯುತ್ತದೆ. ಆಮೇಲೆ ನಡೆಯಿರಿ, ಬೇಕಿದ್ದರೆ ಮತ್ತೆ ಓಡಿ.

ಮರ್ಯಾದೆಯ ಚಿಂತೆ ಬೇಡ. ಬೆವರಿದ ಮುಖದಲ್ಲಿ ಕಣ್ಣೀರು ಯಾರಿಗೂ ಕಾಣುವುದಿಲ್ಲ. ಲಾಲ್‌ಬಾಗಿನ ಬಂಡೆಯ ಹತ್ತಿರ ಒಬ್ಬ ಅಜ್ಜ ಅಳುತ್ತಾ ನಿಂತಿದ್ದ ನಮ್ಮ ಜೊತೆಯ ಹುಡುಗನಿಗೆ ಏನೂ ಕೇಳದೆ ನೀರಿನ ಬಾಟಲಿ ಕೊಟ್ಟು ಮುಂದೆ ಹೋದರು. ಬೆಳಗಿನ ಹೊತ್ತು ಪಾರ್ಕಿಗೆ ಬರುವವರಲ್ಲಿ ಇಂಥವರು ಜಾಸ್ತಿ.

"ಮೊದಲು ಸಲೀಸಾಗಿ 10 ಕಿ.ಮೀ. ಓಡ್ತಿದ್ದೆ. ಈಗ 3ಕ್ಕೇ ಸುಸ್ತು."

ಸಹಜ. ಅರೆನಿದ್ದೆಯ ತಿಂಗಳುಗಳು, ಆಸ್ಪತ್ರೆ ಕ್ಯಾಂಟೀನಿನ ಊಟ, ಪ್ಲಾಸ್ಟಿಕ್ ಕುರ್ಚಿಯಲ್ಲಿ ಕಳೆದ ರಾತ್ರಿಗಳು. ಮೈ ಅದನ್ನೆಲ್ಲ ಲೆಕ್ಕ ಇಟ್ಟಿರುತ್ತದೆ. ಹಳೆಯ ಟೈಮಿಂಗ್ ನೋಡಬೇಡಿ, ವಾಚು ಮನೆಯಲ್ಲೇ ಬಿಟ್ಟು ಹೋಗಿ. ದೂರವನ್ನು ವಾರಕ್ಕೆ ಸ್ವಲ್ಪ ಸ್ವಲ್ಪವೇ ಏರಿಸಿ. ಮೂರು ತಿಂಗಳಾದರೂ ಸುಸ್ತು ಹೋಗದಿದ್ದರೆ ಥೈರಾಯ್ಡ್, ವಿಟಮಿನ್ ಬಿ12, ಡಿ ಪರೀಕ್ಷೆ ಮಾಡಿಸಿ.

"ಅಮ್ಮ ಅಂದ್ರೆ ಐಸಿಯು ಮುಖವೇ ಕಣ್ಣಿಗೆ ಬರುತ್ತೆ. ಚೆನ್ನಾಗಿದ್ದಾಗಿನ ಮುಖ ನೆನಪೇ ಆಗ್ತಿಲ್ಲ."

ಅತಿ ಹೆಚ್ಚು ಜನ ಕೇಳುವುದು ಇದನ್ನೇ. ಕೇಳುವಾಗ ದನಿ ಇಳಿಸಿ ಕೇಳುತ್ತಾರೆ, ಅಮ್ಮನನ್ನು ಮರೆತ ತಪ್ಪು ತಮ್ಮದೇ ಅನ್ನುವ ಹಾಗೆ.

ತಪ್ಪು ನಿಮ್ಮದಲ್ಲ. ಹೃದಯಾಘಾತದಲ್ಲಿ ಮನುಷ್ಯ ಒಂದೇ ದಿನಕ್ಕೆ ಹೋಗಿಬಿಡಬಹುದು. ಕ್ಯಾನ್ಸರ್ ತಿಂಗಳು, ವರ್ಷ ತೆಗೆದುಕೊಳ್ಳುತ್ತದೆ. ಅಷ್ಟೂ ದಿನ ನಿಮ್ಮ ಮನಸ್ಸು ಕಾವಲು ಕಾದಿರುತ್ತದೆ. ಕೀಮೋ ಆದ ಮೇಲೆ ಜ್ವರ 100.4 ದಾಟಿತಾ ಅಂತ ಥರ್ಮಾಮೀಟರ್ ನೋಡುವುದು, ಬಿಳಿ ರಕ್ತಕಣದ ಲೆಕ್ಕ, ಅಂಡಾಶಯದ ಕ್ಯಾನ್ಸರ್ ಹೇಗಿದೆ ಅಂತ ನೋಡುವ ಸಿಎ 125 ರಕ್ತಪರೀಕ್ಷೆಯ ರಿಪೋರ್ಟು, ಹೊಟ್ಟೆಯಲ್ಲಿ ಮತ್ತೆ ನೀರು ತುಂಬಿತಾ ಅಂತ ಸೀರೆಯ ಬಿಗಿ ನೋಡುವುದು. ಹೆದರಿದ ಮನಸ್ಸು ಕಂಡಿದ್ದನ್ನೆಲ್ಲ ಗಟ್ಟಿಯಾಗಿ ಅಚ್ಚೊತ್ತಿ ಇಟ್ಟುಕೊಳ್ಳುತ್ತದೆ. ಅದಕ್ಕೇ ಆ ಮುಖ ಮೇಲೆ ನಿಂತಿದೆ. ಅದರ ಹಿಂದಿನ ನಲವತ್ತು ವರ್ಷ ಎಲ್ಲೂ ಹೋಗಿಲ್ಲ.

ನಾನು ಕಂಡಿದ್ದು, ಜೊತೆಗೆ ಓಡುವ ಹಲವರು ಹೇಳಿದ್ದು ಇದು. ಮೊದಲ ವಾರಗಳಲ್ಲಿ ಓಡುವಾಗ ಬರುವುದು ಆಸ್ಪತ್ರೆಯೇ. ಹೆಜ್ಜೆ ಬಿದ್ದಂತೆ ಅದೇ ಮಾನಿಟರ್ ಸದ್ದು. ಆ ನೆನಪನ್ನು ಅಟ್ಟಬೇಡಿ, ಬರಲಿ. ಮೆಲ್ಲಗೆ ಓಡುವಾಗ ಕೈಕಾಲು ಕೆಲಸದಲ್ಲಿರುತ್ತವೆ, ಉಸಿರು ಒಂದೇ ಲಯಕ್ಕೆ ಬರುತ್ತದೆ, ಕಾಯಬೇಕಾದ್ದು ಏನೂ ಇರುವುದಿಲ್ಲ. ದಿನ ಕಳೆದಂತೆ ಮನಸ್ಸಿಗೆ ಕಾವಲು ಸಾಕು ಅಂತ ಗೊತ್ತಾಗುತ್ತದೆ. ಆಮೇಲೊಂದು ದಿನ ಏನೋ ಒಂದು ಚೂರು ಬರುತ್ತದೆ. ನನಗೆ ಬಂದಿದ್ದು ದಂಟಿನ ಸೊಪ್ಪು. ಅಮ್ಮ ಗಾಂಧಿ ಬಜಾರಿನಲ್ಲಿ ಸೊಪ್ಪಿನ ಕಟ್ಟನ್ನು ತಲೆಕೆಳಗೆ ಮಾಡಿ ಬೇರು ನೋಡುತ್ತಿದ್ದರು. ಬೇರಿನ ಮಣ್ಣು ಒಣಗಿದ್ದರೆ "ಇದು ನಿನ್ನೇದು ಕಣಮ್ಮ, ಇವತ್ತಿಂದು ಕೊಡು" ಅಂತ ಬದಲಾಯಿಸಿಕೊಳ್ಳುತ್ತಿದ್ದರು. ಸೆರಗಿನ ತುದಿಗೆ ನೀರು ತಾಗಿ ಒದ್ದೆಯಾಗಿರುತ್ತಿತ್ತು. ಆ ಒದ್ದೆ ಸೆರಗು ಕಂಡ ಮೇಲೆ ಮುಖವೂ ಕಂಡಿತು. ಕೂದಲಿದ್ದ ಮುಖ.

ಇದಕ್ಕೆ ಸ್ವಲ್ಪ ಸಹಾಯವನ್ನೂ ಮಾಡಬಹುದು. ಕಾಯಿಲೆಗೆ ಮುಂಚಿನ ಫೋಟೋ ಒಂದನ್ನು, ಮದುವೆಮನೆಯದಲ್ಲ, ಸುಮ್ನೆ ಮನೆಯಲ್ಲಿ ತೆಗೆದದ್ದನ್ನು, ಹೊರಡುವ ಮೊದಲು ನೋಡಿ. ಚಿಕ್ಕಮ್ಮನಿಗೋ ಸೋದರಮಾವನಿಗೋ ಫೋನ್ ಮಾಡಿ ನೀವು ಹುಟ್ಟುವ ಮುಂಚಿನ ಕಥೆ ಒಂದನ್ನು ಕೇಳಿ, ಮರುದಿನ ಅದನ್ನೇ ಇಟ್ಟುಕೊಂಡು ಓಡಿ. ತಿಂಗಳುಗಳಾದರೂ ಆಸ್ಪತ್ರೆಯ ದೃಶ್ಯ ಕಣ್ಣೆದುರೇ ನಡೆದ ಹಾಗೆ ಬರುತ್ತಿದ್ದರೆ, ಬೆಚ್ಚಿ ಎದ್ದು ಕೂರುವಂತಾದರೆ, ಅದಕ್ಕೆ ಚಿಕಿತ್ಸೆ ಇದೆ. ಮನೋವೈದ್ಯರನ್ನು ನೋಡಿ.

"ಆ ಆಸ್ಪತ್ರೆ ರಸ್ತೆ ನನ್ನ ಓಟದ ದಾರೀಲೇ ಬರುತ್ತೆ. ತಪ್ಪಿಸಬೇಕಾ?"

ಮೊದಲಿಗೆ ತಪ್ಪಿಸಿ, ನಾಚಿಕೆ ಬೇಡ. ಮೈಸೂರಿನವರಾದರೆ ಕುಕ್ಕರಹಳ್ಳಿ ಕೆರೆ ಏರಿ ಇದೆ, ಹುಬ್ಬಳ್ಳಿಯವರಿಗೆ ಉಣಕಲ್ ಕೆರೆ. ಬೆಂಗಳೂರಿನ ಕಬ್ಬನ್ ಪಾರ್ಕಿನೊಳಗೆ ಭಾನುವಾರ ವಾಹನ ಬಿಡುವುದಿಲ್ಲ. ಮುಂದೆ ಎಂದಾದರೂ ಮನಸ್ಸು ಗಟ್ಟಿಯಾದ ದಿನ ಜೊತೆಗೊಬ್ಬರನ್ನು ಕರೆದುಕೊಂಡು ಆ ಗೇಟಿನ ಮುಂದೆ ಹಾದು ಬನ್ನಿ. ಹಾಗೆ ಹೋಗದಿದ್ದರೂ ನಷ್ಟ ಇಲ್ಲ.

"ಒಬ್ಬನೇ ಓಡ್ಲಾ, ಗುಂಪಿನ ಜೊತೆ ಓಡ್ಲಾ?"

ಎರಡೂ ಬೇಕು. ಅಳಲು ಒಬ್ಬರೇ, ಮಾತಾಡಲು ಜೊತೆ. ಪಕ್ಕಪಕ್ಕದಲ್ಲಿ ಓಡುವಾಗ ಮುಖ ನೋಡಿ ಮಾತಾಡಬೇಕಿಲ್ಲ. ಎದುರು ಕೂತರೆ "ನಾನು ಚೆನ್ನಾಗಿದೀನಿ" ಅನ್ನುವ ಗಂಡಸರು ರಸ್ತೆ ನೋಡುತ್ತಾ ಓಡುವಾಗ ಅಪ್ಪನ ಕೊನೇ ರಾತ್ರಿಯ ಬಗ್ಗೆ ಹೇಳುವುದನ್ನು ಎಷ್ಟೋ ಸಲ ಕೇಳಿದ್ದೇನೆ. ಟೈಮಿಂಗ್ ಬಗ್ಗೆಯೇ ಮಾತಾಡುವ ಗುಂಪು ಈಗ ಬೇಡ. ನಿಮ್ಮ ವೇಗಕ್ಕೆ ಬರುವ ಒಬ್ಬರು ಸಿಕ್ಕರೂ ಸಾಕು.

"ಹಾಡು ಕೇಳ್ತಾ ಓಡಬಹುದಾ?"

ಓಡಬಹುದು. ವಾಹನ ಓಡಾಡುವ ರಸ್ತೆಯಲ್ಲಿ ಒಂದು ಕಿವಿ ತೆರೆದಿರಲಿ. ಅವರ ಇಷ್ಟದ ಹಾಡುಗಳನ್ನು ಮೊದಲ ತಿಂಗಳಲ್ಲೇ ಹಾಕಿಕೊಳ್ಳಬೇಡಿ. ಆಮೇಲೆ ಅವನ್ನು ಕೇಳಲಾಗದ ಹಾಗೆ ಆಗಿಬಿಡಬಹುದು.

## ಮನೆ, ತಪ್ಪಿತಸ್ಥ ಭಾವನೆ, ಭಯ

"ಓಡಿ ಬಂದಾಗ ಖುಷಿ ಆಗುತ್ತೆ. ತಕ್ಷಣ ಥೂ ಅನ್ಸುತ್ತೆ."

ಅರ್ಧ ಗಂಟೆ ಓಡಿದ ಮೈಯಲ್ಲಿ ಹಗುರ ಅನ್ನಿಸುವ ರಾಸಾಯನಿಕಗಳು ತಾವಾಗಿ ಏರುತ್ತವೆ. ಅದು ನೀವು ಅಪ್ಪನನ್ನು ಎಷ್ಟು ಪ್ರೀತಿಸಿದಿರಿ ಅಂತ ಕೇಳಿಕೊಂಡು ಬರುವುದಿಲ್ಲ.

ದುಃಖವನ್ನು ಅಧ್ಯಯನ ಮಾಡಿದವರು 1999ರಲ್ಲಿ ಒಂದು ವಿಚಾರ ಮುಂದಿಟ್ಟರು. ದುಃಖದಲ್ಲಿರುವವರು ಸ್ವಲ್ಪ ಹೊತ್ತು ಅಗಲಿಕೆಯ ಕಡೆ ಇರುತ್ತಾರೆ, ಸ್ವಲ್ಪ ಹೊತ್ತು ಬದುಕಿನ ಕಡೆ. ಹೀಗೆ ಆಚೀಚೆ ಹೋಗಿ ಬರುವುದೇ ಆರೋಗ್ಯ, ಒಂದೇ ಕಡೆ ಸಿಕ್ಕಿಬೀಳುವುದು ಕಷ್ಟ. ನಂಬದಿರುವುದು, ಸಿಟ್ಟು, ಚೌಕಾಸಿ, ಖಿನ್ನತೆ, ಒಪ್ಪಿಕೊಳ್ಳುವುದು ಅಂತ ದುಃಖಕ್ಕೆ ಐದು ಹಂತ ಹೇಳುತ್ತಾರಲ್ಲ, ನನಗೆ ಇದು ಆ ಮಾತಿಗಿಂತ ನಿಜ ಅನ್ನಿಸುತ್ತದೆ. ಆ ಐದು ಹಂತಗಳನ್ನು 1969ರಲ್ಲಿ ಹೇಳಿದ್ದು ಸಾಯುತ್ತಿರುವ ರೋಗಿಗಳ ಬಗ್ಗೆ, ಅವರನ್ನು ಕಳೆದುಕೊಂಡವರ ಬಗ್ಗೆ ಅಲ್ಲ. "ನಾನಿನ್ನೂ ಎರಡನೇ ಹಂತದಲ್ಲೇ ಇದೀನಿ" ಅಂತ ಯಾರೂ ಕೊರಗಬೇಕಿಲ್ಲ.

"ಅಪ್ಪ ಹೋದ ಮೇಲೆ ಅಮ್ಮ ಮನೇಲಿ ಒಬ್ಬರೇ ಅಳ್ತಾ ಇರ್ತಾರೆ. ಬಿಟ್ಟು ಹೇಗೆ ಓಡೋಕೆ ಹೋಗ್ಲಿ?"

ಹೊರಡುವ ಮೊದಲು ಅವರಿಗೆ ಕಾಫಿ ಮಾಡಿ ಕೊಡಿ. ಎಷ್ಟು ಹೊತ್ತಿಗೆ ಬರುತ್ತೀರಿ ಅಂತ ಹೇಳಿ, ಅಷ್ಟು ಹೊತ್ತಿಗೇ ಬನ್ನಿ. ಈಗಷ್ಟೇ ಒಬ್ಬರನ್ನು ಕಳೆದುಕೊಂಡ ಮನೆಯಲ್ಲಿ ಹತ್ತು ನಿಮಿಷ ತಡವಾದರೂ ಜೀವ ಹೊಡೆದುಕೊಳ್ಳುತ್ತದೆ. ಕೆಲವು ವಾರ ಕಳೆದ ಮೇಲೆ "ಬಾಮ್ಮ, ಪಾರ್ಕಿನ ಬೆಂಚಿನಲ್ಲಿ ಕೂತಿರು, ನಾನು ಎರಡು ಸುತ್ತು ಹಾಕ್ತೀನಿ" ಅಂತ ಕರೆಯಿರಿ. ಬೆಂಚಿನಲ್ಲಿ ಕೂತವರಿಗೆ ಪಕ್ಕದ ಬೆಂಚಿನವರು ಮಾತಿಗೆ ಸಿಗುತ್ತಾರೆ. ಅವರಲ್ಲಿ ಯಾರೋ ಒಬ್ಬರು ಯಜಮಾನರನ್ನು ಕಳೆದುಕೊಂಡವರೇ ಆಗಿರುತ್ತಾರೆ. ಆಮೇಲೆ ಅಮ್ಮನೇ ನಿಮಗಿಂತ ಮೊದಲು ಚಪ್ಪಲಿ ಹಾಕಿಕೊಂಡು ನಿಲ್ಲಬಹುದು.

"ಅಪ್ಪನನ್ನೂ ದಿನಾ ನಡೆಸಿದ್ದಿದ್ರೆ ಉಳೀತಿದ್ರಾ?"

ಈ ಪ್ರಶ್ನೆ ಓಡುವವರನ್ನೇ ಹೆಚ್ಚು ಕಾಡುತ್ತದೆ. ಓಟದಿಂದ ತಮಗೆ ಒಳ್ಳೆಯದಾದಷ್ಟೂ "ಇದನ್ನು ಅವರಿಗೆ ಯಾಕೆ ಮಾಡಿಸಲಿಲ್ಲ" ಅಂತ ಒಳಗೆ ಕೊರೆಯುತ್ತದೆ.

ಇರುವ ವಿಷಯ ಹೇಳುತ್ತೇನೆ. ದೈಹಿಕ ಚಟುವಟಿಕೆ ದೊಡ್ಡ ಕರುಳು, ಸ್ತನ, ಗರ್ಭಕೋಶ ಮುಂತಾದ ಕೆಲವು ಕ್ಯಾನ್ಸರ್‌ಗಳ ಸಾಧ್ಯತೆಯನ್ನು ಕಡಿಮೆ ಮಾಡುತ್ತದೆ. 2025ರಲ್ಲಿ ಒಂದು ಮುಖ್ಯ ಪ್ರಯೋಗದ ಫಲಿತಾಂಶ ಬಂತು. ದೊಡ್ಡ ಕರುಳಿನ ಕ್ಯಾನ್ಸರ್‌ಗೆ ಆಪರೇಷನ್, ಕೀಮೋ ಮುಗಿಸಿದ 889 ಜನರಲ್ಲಿ ಅರ್ಧ ಜನಕ್ಕೆ ಮೂರು ವರ್ಷ ತರಬೇತುದಾರರ ಜೊತೆ ವ್ಯಾಯಾಮ ಮಾಡಿಸಿದರು. ಎಂಟು ವರ್ಷಕ್ಕೆ ಅವರಲ್ಲಿ ಬದುಕಿದ್ದವರು ಶೇ 90, ಉಳಿದವರಲ್ಲಿ ಶೇ 83. ಇದು ಸಣ್ಣ ವ್ಯತ್ಯಾಸ ಅಲ್ಲ.

ಆದರೆ ಈ ಅಂಕಿಗಳನ್ನು ನಿಮ್ಮ ಅಪ್ಪನ ಮೇಲೆ ಇಟ್ಟು ಓದಬೇಡಿ. ಅವು ಗುಂಪಿನ ಬಗ್ಗೆ ಹೇಳುತ್ತವೆ, ಒಬ್ಬ ಮನುಷ್ಯನ ಬಗ್ಗೆ ಅಲ್ಲ. ದಿನಾ ಓಡುವವರಿಗೂ ಕ್ಯಾನ್ಸರ್ ಬರುತ್ತದೆ. ಆ ಪ್ರಯೋಗದವರು ಗಡ್ಡೆ ತೆಗೆಸಿಕೊಂಡು, ಚಿಕಿತ್ಸೆ ಮುಗಿಸಿ, ನಡೆಯುವ ಶಕ್ತಿ ಇದ್ದವರು. ಕೊನೇ ಹಂತದಲ್ಲಿ ಮೈ ಕರಗುವುದು ಕಾಯಿಲೆಯೇ ಮಾಡುವ ಕೆಲಸ. ಸ್ನಾಯು ಕರಗುತ್ತಿದ್ದ ಅಪ್ಪನನ್ನು ಬಲವಂತವಾಗಿ ನಡೆಸಿದ್ದರೆ ನೋವು ಜಾಸ್ತಿ ಆಗುತ್ತಿತ್ತು. ಇನ್ನೊಂದು ತುತ್ತು ತಿನ್ನಿಸಿದ್ದರೂ ಅದು ನಿಲ್ಲುತ್ತಿರಲಿಲ್ಲ. "ಸುಸ್ತಾಗ್ತಿದೆ, ಬಿಡಪ್ಪಾ" ಅಂದಾಗ ನೀವು ಬಿಟ್ಟಿರಿ. ಸರಿಯಾದದ್ದನ್ನೇ ಮಾಡಿದಿರಿ.

"ನಂಗೂ ಬರುತ್ತಾ? ಓಡುವಾಗ ಪಕ್ಕೆ ಹಿಡಿದರೂ ಅದೇ ಅನ್ಸುತ್ತೆ."

ಪಕ್ಕೆ ಹಿಡಿಯುವುದು ಹೆಚ್ಚಾಗಿ ತಿಂದ ತಕ್ಷಣ ಓಡಿದ್ದಕ್ಕೆ, ಉಸಿರು ಗಡಿಬಿಡಿಯಾಗಿದ್ದಕ್ಕೆ. ನಿಂತರೆ ಹೋಗುತ್ತದೆ. ಓಡದಿದ್ದಾಗಲೂ ವಾರಗಟ್ಟಲೆ ಉಳಿಯುವ ನೋವು, ಕಾರಣ ಇಲ್ಲದೆ ಇಳಿಯುವ ತೂಕ, ರಕ್ತ, ಗಂಟು ಇವಕ್ಕೆ ಡಾಕ್ಟರನ್ನು ನೋಡಿ.

ಕ್ಯಾನ್ಸರ್‌ಗಳಲ್ಲಿ ವಂಶವಾಹಿ ದೋಷದಿಂದ ಬರುವುದು ಸುಮಾರು ಶೇ 5ರಿಂದ 10 ಮಾತ್ರ. ಆದರೆ ಕೆಲವು ಮನೆಗಳಲ್ಲಿ ಅದನ್ನು ಪರೀಕ್ಷೆ ಮಾಡಿಸಲೇಬೇಕು. ಅಂಡಾಶಯದ ಕ್ಯಾನ್ಸರ್, ಚಿಕ್ಕ ವಯಸ್ಸಿನಲ್ಲಿ ಬಂದ ಸ್ತನ ಕ್ಯಾನ್ಸರ್, ಒಂದೇ ಕಡೆಯ ನೆಂಟರಲ್ಲಿ ಇಬ್ಬರು ಮೂವರಿಗೆ ಬಂದಿರುವುದು ಇದ್ದರೆ ಬಿಆರ್‌ಸಿಎ ಅನ್ನುವ ವಂಶವಾಹಿಗಳಲ್ಲಿ ದೋಷ ಇದೆಯಾ ಅಂತ ನೋಡುವ ಪರೀಕ್ಷೆಯ ಬಗ್ಗೆ ಡಾಕ್ಟರನ್ನು ಕೇಳಿ. ಈ ದೋಷ ತಂದೆಯ ಕಡೆಯಿಂದಲೂ ಬರಬಹುದು, ಗಂಡುಮಕ್ಕಳಿಗೂ ಬರಬಹುದು. ತಂದೆಗೋ ತಾಯಿಗೋ 60ರ ಒಳಗೆ ದೊಡ್ಡ ಕರುಳಿನ ಕ್ಯಾನ್ಸರ್ ಬಂದಿದ್ದರೆ ಮಕ್ಕಳಿಗೆ 40ರಿಂದ, ಅಥವಾ ಅವರಿಗೆ ಬಂದ ವಯಸ್ಸಿಗಿಂತ ಹತ್ತು ವರ್ಷ ಮೊದಲಿನಿಂದ, ಯಾವುದು ಮೊದಲೋ ಆಗ ಕೊಲೊನೊಸ್ಕೋಪಿ (ಕ್ಯಾಮೆರಾ ಇರುವ ಕೊಳವೆಯಿಂದ ದೊಡ್ಡ ಕರುಳು ನೋಡುವ ಪರೀಕ್ಷೆ) ಶುರು ಮಾಡಲು ಸಾಮಾನ್ಯವಾಗಿ ಹೇಳುತ್ತಾರೆ. ಅಪ್ಪನಿಗೆ ಬಂದಿದ್ದು ಗುಟ್ಕಾದಿಂದ ಬಾಯಿ ಕ್ಯಾನ್ಸರ್ ಆಗಿದ್ದು, ನಿಮ್ಮ ಜೇಬಿನಲ್ಲೂ ಅದೇ ಪೊಟ್ಟಣ ಇದ್ದರೆ, ಓಟಕ್ಕಿಂತ ಮೊದಲು ಅದನ್ನು ಬಿಡಿ. ಇದನ್ನು ಕೈಮುಗಿದು ಹೇಳುತ್ತಿದ್ದೇನೆ.

"ನಾನು ಇಲ್ಲಿ ಡಬ್ಲಿನ್‌ನಲ್ಲಿ. ಕೊನೇ ಗಳಿಗೆಗೆ ಬರೋಕಾಗಲಿಲ್ಲ. ಇಲ್ಲಿ ಯಾರಿಗೂ ಅಮ್ಮ ಗೊತ್ತೇ ಇಲ್ಲ."

ವಿಡಿಯೋ ಕಾಲ್‌ನಲ್ಲಿ ಕೊನೇ ದರ್ಶನ ಮಾಡಿದವರ ಸಂಕಟವೇ ಬೇರೆ. ಊರಲ್ಲಿ ಎಲ್ಲರೂ ಅತ್ತು ಹಗುರಾದ ಹೊತ್ತಿಗೆ ನಿಮಗೆ ಅದು ಇನ್ನೂ ನಡೆದೇ ಇಲ್ಲ ಅನ್ನಿಸುತ್ತಿರುತ್ತದೆ. ಓಡುವ ಸಮಯವನ್ನು ಊರಿನ ಸಮಯಕ್ಕೆ ಹೊಂದಿಸಿ ನೋಡಿ. ನಿಮ್ಮ ಬೆಳಗಿನ ಓಟ ಮುಗಿಯುವಾಗ ಇಲ್ಲಿ ಮಧ್ಯಾಹ್ನದ ಊಟದ ಹೊತ್ತು. ಮನೆಗೆ ನಡೆದು ಹೋಗುತ್ತಾ ತಂಗಿಗೋ ಅಪ್ಪನಿಗೋ ಫೋನ್ ಮಾಡಿ, ಹತ್ತು ನಿಮಿಷ ಅಮ್ಮನ ಬಗ್ಗೆ ಮಾತ್ರ ಮಾತಾಡಿ. ಚಳಿಗಾಲದಲ್ಲಿ ಅಲ್ಲಿ ಬೇಗ ಕತ್ತಲಾಗುತ್ತದೆ, ಮನಸ್ಸೂ ಕುಸಿಯುತ್ತದೆ. ಆಗ ಮಧ್ಯಾಹ್ನದ ಬಿಡುವಿನಲ್ಲಿ, ಬೆಳಕಿರುವಾಗ ಓಡಿ.

## ಸ್ವಲ್ಪ ದೂರ ಬಂದ ಮೇಲೆ

"ದಿನಾ ಓಡದಿದ್ರೆ ಆಗಲ್ಲ ಈಗ. ಮೊಣಕಾಲು ನೋವಿದ್ರೂ ಓಡ್ತೀನಿ."

ಇದರ ಬಗ್ಗೆ ನನಗೆ ನಿಜಕ್ಕೂ ಆತಂಕ ಇದೆ. "ಅಪ್ಪ ಅಷ್ಟು ನೋವು ತಿಂದ್ರು, ಇದೇನು ಮಹಾ" ಅಂತ ಊದಿದ ಮೊಣಕಾಲಿನಲ್ಲಿ ಓಡುವವರನ್ನು ನೋಡಿದ್ದೇನೆ. ಅವರ ನೋವನ್ನು ನೀವು ತಿಂದರೆ ಅವರದ್ದು ಕಡಿಮೆ ಆಗುವುದಿಲ್ಲ. ಕುಂಟುತ್ತಾ ಓಡಬೇಡಿ. ಕಣಕಾಲಿನ ಮೂಳೆಯ ಮೇಲೆ ಒಂದೇ ಜಾಗದಲ್ಲಿ ಬೆರಳಿಟ್ಟರೆ ನೋವಾಗುತ್ತದೆ ಅಂದರೆ ಅದು ಮೂಳೆಯ ಸಣ್ಣ ಬಿರುಕೂ ಆಗಿರಬಹುದು. ಓಟ ನಿಲ್ಲಿಸಿ, ಮೂಳೆ ವೈದ್ಯರಿಗೆ ತೋರಿಸಿ. ಓಡದ ದಿನಗಳಲ್ಲಿ ಅದೇ ಹೊತ್ತಿಗೆ ಎದ್ದು ನಡೆಯಿರಿ, ಅಥವಾ ಬರೀ ಪಾರ್ಕಿನಲ್ಲಿ ಕೂತು ಬನ್ನಿ. ಬೇಕಿರುವುದು ಆ ಹೊತ್ತು. ಅದನ್ನು ಓಡಿಯೇ ಕಳೆಯಬೇಕು ಅಂತಿಲ್ಲ.

"ಅಪ್ಪನ ಹೆಸರಲ್ಲಿ ಒಂದು ರೇಸ್ ಓಡಬೇಕು ಅಂತಿದೆ. ಹೇಗೆ?"

ಕ್ಯಾನ್ಸರ್‌ಗಾಗಿ ಓಡುವುದಕ್ಕೆ ದಾರಿ ಹಾಕಿಕೊಟ್ಟವನು ಕೆನಡಾದ ಟೆರಿ ಫಾಕ್ಸ್. ಮೂಳೆ ಕ್ಯಾನ್ಸರ್‌ಗೆ ಒಂದು ಕಾಲು ಕಳೆದುಕೊಂಡಿದ್ದ. 1980ರಲ್ಲಿ ಕೃತಕ ಕಾಲು ಹಾಕಿಕೊಂಡು ದೇಶದ ಪೂರ್ವ ತುದಿಯಿಂದ ಓಡಲು ಶುರು ಮಾಡಿ, 143 ದಿನದಲ್ಲಿ 5,373 ಕಿ.ಮೀ. ಓಡಿದ. ಕ್ಯಾನ್ಸರ್ ಶ್ವಾಸಕೋಶಕ್ಕೆ ಹರಡಿದ್ದರಿಂದ ಅಲ್ಲಿಗೇ ನಿಲ್ಲಿಸಬೇಕಾಯಿತು. ಮರುವರ್ಷ ತೀರಿಕೊಂಡಾಗ ಅವನಿಗೆ 22 ವರ್ಷ. ಅವನ ಹೆಸರಿನ ಓಟ ಈಗಲೂ ಹಲವು ದೇಶಗಳಲ್ಲಿ ಪ್ರತಿವರ್ಷ ನಡೆಯುತ್ತದೆ.

ಬೆಂಗಳೂರಿನಲ್ಲಿ 2008ರಿಂದ ನಡೆಯುವ 10 ಕಿ.ಮೀ. ಓಟದಲ್ಲಿ ಸೇವಾಸಂಸ್ಥೆಗಳಿಗೆ ಹಣ ಕೂಡಿಸಿ ಓಡುವ ವ್ಯವಸ್ಥೆ ಇದೆ. ಸಂಸ್ಥೆ ನೀವೇ ಆರಿಸಿಕೊಳ್ಳಿ. ಕರುಣಾಶ್ರಯ 1999ರಿಂದ ಕೊನೇ ಹಂತದ ಕ್ಯಾನ್ಸರ್ ರೋಗಿಗಳನ್ನು ಹಣ ತೆಗೆದುಕೊಳ್ಳದೆ ನೋಡಿಕೊಳ್ಳುತ್ತಿದೆ. ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಗೆ ದೂರದ ಜಿಲ್ಲೆಗಳಿಂದ ಬರುವವರ ಊಟ, ವಸತಿಗೆ ಸಹಾಯ ಮಾಡುವವರೂ ಇದ್ದಾರೆ. ನನ್ನದೊಂದು ಮಾತು, ಮೊದಲ ವರ್ಷದಲ್ಲೇ ಪೂರ್ತಿ ಮ್ಯಾರಥಾನ್‌ಗೆ ಹೆಸರು ಕೊಡಬೇಡಿ. ತರಬೇತಿಯ ಒತ್ತಡ, ತಿಥಿಯ ಒತ್ತಡ ಎರಡೂ ಒಟ್ಟಿಗೆ ಬಿದ್ದರೆ ಮೈ ತಡೆಯುವುದಿಲ್ಲ. 10 ಕಿ.ಮೀ. ಸಾಕು. ರೇಸ್ ಮುಗಿದ ಮರುವಾರ ಜೋರಾಗಿ ದುಃಖ ಬರುತ್ತದೆ, ಎದುರು ನೋಡಲು ಏನೂ ಉಳಿದಿರುವುದಿಲ್ಲ. ಆ ವಾರ ಒಬ್ಬರೇ ಇರಬೇಡಿ.

"ವರ್ಷದ ತಿಥಿ ದಿನ, ಪಿತೃಪಕ್ಷದಲ್ಲಿ ಓಡಬಹುದಾ?"

ಶ್ರಾದ್ಧ ಮಾಡುವವರು ಕಾರ್ಯ ಮುಗಿಯುವವರೆಗೆ ಉಪವಾಸ ಇರುತ್ತಾರೆ. ಖಾಲಿ ಹೊಟ್ಟೆಯಲ್ಲಿ, ಮಡಿಯಲ್ಲಿ ಓಟ ಆಗದು. ಸ್ನಾನಕ್ಕೆ ಮುಂಚೆ ಕತ್ತಲಲ್ಲೇ ಸ್ವಲ್ಪ ನಡೆದು ಬನ್ನಿ, ಇಲ್ಲವೇ ಮರುದಿನ ಓಡಿ. ಮಹಾಲಯ ಅಮಾವಾಸ್ಯೆಗೆ ಎಡೆ ಇಡುವ ಮನೆಗಳಲ್ಲಿ ಬೆಳಿಗ್ಗೆ ಓಡಿ, ಬರುವಾಗ ಬಾಳೆ ಎಲೆಯನ್ನೂ ಅವರಿಗೆ ಇಷ್ಟವಾದ ತರಕಾರಿಯನ್ನೂ ತರುವವರಿದ್ದಾರೆ. ಅದು ನನಗೆ ಇಷ್ಟವಾಯಿತು. ನಿಮ್ಮ ಮನೆಯಲ್ಲಿ ಯಾವುದು ನಡೆಯುತ್ತದೋ ಹಾಗೆ ಮಾಡಿ.

"ಒಂದೂವರೆ ವರ್ಷ ಆಯ್ತು, ದಿನಾ ಓಡ್ತೀನಿ, ಆದ್ರೂ ಮೊದಲ ದಿನದ ಹಾಗೇ ಇದೆ."

ಓಟ ಒಂದರಿಂದಲೇ ಆಗದ ಸಂದರ್ಭಗಳಿವೆ. ವರ್ಷದ ಮೇಲೂ ಪ್ರತಿದಿನ ಅದೇ ತೀವ್ರ ಹಂಬಲ, ಸಾವನ್ನು ಒಪ್ಪಲು ಆಗದಿರುವುದು, ಕೆಲಸ ಸಂಬಂಧ ಯಾವುದೂ ಬೇಡ ಅನ್ನಿಸುವುದು ಇದ್ದರೆ ವೈದ್ಯರು ಅದನ್ನು ದೀರ್ಘಕಾಲದ ದುಃಖದ ತೊಂದರೆ ಅಂತ ಗುರುತಿಸುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆಯ ಪಟ್ಟಿಯಲ್ಲಿ ಇದಕ್ಕೆ ಆರು ತಿಂಗಳ ಗಡುವು, ಅಮೆರಿಕದ ಮನೋವೈದ್ಯರ 2022ರ ಪಟ್ಟಿಯಲ್ಲಿ ವಯಸ್ಕರಿಗೆ ಒಂದು ವರ್ಷ. ಇದಕ್ಕೆಂದೇ ರೂಪಿಸಿದ ಮಾತಿನ ಚಿಕಿತ್ಸೆ ಇದೆ.

ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಯಾವ ಹೊತ್ತಿನಲ್ಲಾದರೂ ಕರೆ ಮಾಡಬಹುದು, ಹಣ ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ. ಬೆಂಗಳೂರಿನ ಮಾನಸಿಕ ಆರೋಗ್ಯ ಆಸ್ಪತ್ರೆ ನಿಮ್ಹಾನ್ಸ್‌ಗೆ ನೇರವಾಗಿಯೂ ಹೋಗಬಹುದು. ಸಾಯಬೇಕು ಅನ್ನುವ ಯೋಚನೆ ಬಂದರೆ ನಾಳೆ ಅನ್ನಬೇಡಿ, ಆಗಲೇ ಕರೆ ಮಾಡಿ, ಪಕ್ಕದಲ್ಲಿರುವವರಿಗೂ ಹೇಳಿ.

"ಈಗ ಓಡೋಕೆ ಅಷ್ಟು ಮನಸ್ಸಿಲ್ಲ. ಬಿಟ್ರೆ ಅಮ್ಮನ್ನೂ ಬಿಟ್ಟ ಹಾಗಾಗುತ್ತಾ?"

ಆಗುವುದಿಲ್ಲ. ಓಟ ಬೇಕಿದ್ದ ಕಾಲ ಒಂದಿತ್ತು, ಬೇಡವಾದರೆ ಬಿಡಬಹುದು. ನಮ್ಮ ಜೊತೆ ಓಡುತ್ತಿದ್ದ ಒಬ್ಬರು ಈಗ ಅದೇ ಹೊತ್ತಿನಲ್ಲಿ ಅಮ್ಮನ ಹಿತ್ತಲನ್ನು ನೋಡಿಕೊಳ್ಳುತ್ತಾರೆ. ಇನ್ನೊಬ್ಬರು ಮಗಳಿಗೆ ಸೈಕಲ್ ಕಲಿಸುತ್ತಿದ್ದಾರೆ. ನಾನು ಇನ್ನೂ ಓಡುತ್ತೇನೆ, ಯಾಕೆಂದರೆ ಈಗ ಓಟವೇ ಇಷ್ಟವಾಗಿದೆ. ಎಷ್ಟೋ ದಿನ ಮನೆಗೆ ಬಂದ ಮೇಲೆ ಇವತ್ತು ಅಮ್ಮನ ನೆನಪೇ ಆಗಲಿಲ್ಲ ಅಂತ ಗೊತ್ತಾಗುತ್ತದೆ, ಅದರಿಂದ ಗಾಬರಿ ಆಗುವುದಿಲ್ಲ. ಬಿಡುವುದಾದರೆ ಒಮ್ಮೆಲೇ ಬಿಡಬೇಡಿ. ವಾರಕ್ಕೆ ಎರಡು ದಿನದ ನಡಿಗೆ ಇಟ್ಟುಕೊಳ್ಳಿ, ನಿದ್ದೆ ಮತ್ತೆ ಕೆಡುತ್ತದಾ ಅಂತ ಒಂದು ತಿಂಗಳು ನೋಡಿ. ಕೆಟ್ಟರೆ ಮತ್ತೆ ಶುರು ಮಾಡಿ. ಶೂ ಅಂತೂ ಯಾರಿಗೂ ಕೊಡಬೇಡಿ.